ನಗು ಬಂದದ್ದು ಯಾವ ಫ್ರೇಮಿನಲ್ಲಿ? ವಿದ್ಯಾರ್ಥಿಗಳ ಆ್ಯಕ್ಷನ್ ಕಾಮಿಡಿ ಓಪನಿಂಗ್ ವಿಶ್ಲೇಷಿಸುವ ಬಗೆ

ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಒಂದೇ ಪ್ರಶ್ನೆ ಹತ್ತು ಬಾಯಿಂದ ಬರುತ್ತದೆ: ‘ನಮ್ಮ ಕ್ಲಾಸಿನವರೇ ಮಾಡಿದ ಎರಡು ನಿಮಿಷದ ಆ್ಯಕ್ಷನ್ ಕಾಮಿಡಿ ಇದೆ. ಅದರಲ್ಲಿನ ತಂತ್ರಗಳನ್ನು ವಿಶ್ಲೇಷಿಸಿ ಬರೆಯಿರಿ ಅಂದಿದ್ದಾರೆ. ಏನಂತ ಬರೆಯೋದು?’ ಪತ್ರಿಕೋದ್ಯಮ, ವಿಷುವಲ್ ಕಮ್ಯುನಿಕೇಷನ್ ಓದುವವರು ಕೇಳುತ್ತಾರೆ. ಕೇಂಬ್ರಿಡ್ಜ್ ಇಂಟರ್‌ನ್ಯಾಷನಲ್‌ನ ಎ ಲೆವೆಲ್ ಮೀಡಿಯಾ ಸ್ಟಡೀಸ್ ತೆಗೆದುಕೊಂಡ ಮಕ್ಕಳೂ ಕೇಳುತ್ತಾರೆ; ಹೊಸದೊಂದು ಕಥಾಚಿತ್ರದ ಆರಂಭವನ್ನು ಟೈಟಲ್ ಸಮೇತ ಎರಡು ನಿಮಿಷದೊಳಗೆ ಮಾಡುವುದು ಅಲ್ಲಿ ಪ್ರಾಜೆಕ್ಟ್ ಕೆಲಸವೇ.

ಹೆಚ್ಚಿನವರು ಬರೆದು ತರುವುದು ದಿನಸಿ ಚೀಟಿ. ‘ಇಲ್ಲಿ ಲೋ ಆಂಗಲ್ ಇದೆ, ಇಲ್ಲಿ ಕ್ಲೋಸಪ್ ಇದೆ, ಇಲ್ಲಿ ಸ್ಲೋ ಮೋಷನ್ ಇದೆ.’ ಇದೆ, ಸರಿ. ಅದರಿಂದ ಏನಾಯಿತು?

ಆ್ಯಕ್ಷನ್ ಕಾಮಿಡಿಯಲ್ಲಿ ಒಂದು ಅನುಕೂಲವಿದೆ. ಇಲ್ಲಿ ಪ್ರತಿ ತಂತ್ರಕ್ಕೂ ಎರಡು ಕೆಲಸ: ಮೊದಲು ಬಿಲ್ಡಪ್ ಕೊಡಬೇಕು, ಆಮೇಲೆ ಆ ಬಿಲ್ಡಪ್ ಠುಸ್ ಅನ್ನಬೇಕು. ಠುಸ್ ಅಂದದ್ದು ಯಾವ ಫ್ರೇಮಿನಲ್ಲಿ (ವಿಡಿಯೊದ ಒಂದೊಂದು ಬಿಡಿ ಚಿತ್ರವೇ ಫ್ರೇಮ್), ಅನ್ನಿಸಿದ್ದು ಕ್ಯಾಮೆರಾವೋ ಕಟ್ಟೋ ಸದ್ದೋ ಅಥವಾ ಫ್ರೇಮಿನೊಳಗಿನ ವಸ್ತುವೋ, ಇದನ್ನು ಹುಡುಕುವುದೇ ನಿಮ್ಮ ಕೆಲಸ. ಮುಂದಿನ ಹಂತಗಳೆಲ್ಲ ಆ ಹುಡುಕಾಟಕ್ಕೆ.

ವಿವರಣೆಗೆಂದು ನಾನೇ ಒಂದು ಚಿತ್ರ ಕಟ್ಟಿಕೊಂಡಿದ್ದೇನೆ, ಎಲ್ಲೂ ಹುಡುಕಬೇಡಿ. ಉದ್ದ 1 ನಿಮಿಷ 52 ಸೆಕೆಂಡ್. ಮೊದಲ 14 ಸೆಕೆಂಡ್ ಕಪ್ಪು ಪರದೆ, ಎದೆಬಡಿತದ ಸದ್ದು, ಹೆಸರುಗಳು. ಆಮೇಲೆ ಕಾಲೇಜಿನ ಕಾರಿಡಾರಿನಲ್ಲಿ ಕೂಲಿಂಗ್ ಗ್ಲಾಸ್ ಹಾಕಿದ ಹುಡುಗನೊಬ್ಬ ಬರುತ್ತಾನೆ, ಗೆಳತಿಯ ಕೈಯಿಂದ ಕಪ್ಪು ಬ್ಯಾಗ್ ಪಡೆಯುತ್ತಾನೆ. ದಢೂತಿ ಆಸಾಮಿಯೊಬ್ಬ ಬೆನ್ನಟ್ಟುತ್ತಾನೆ. ಮೆಟ್ಟಿಲು, ಓಟ, ಸೈಕಲ್ ಸ್ಟ್ಯಾಂಡಿನಲ್ಲಿ ಫೈಟು. ಕೊನೆಗೆ ಬ್ಯಾಗ್ ತೆರೆದರೆ ಒಳಗಿರುವುದು ಸೈನ್ ಆಗದ ಲ್ಯಾಬ್ ರೆಕಾರ್ಡ್. ಬೆನ್ನಟ್ಟಿದವನು ಲ್ಯಾಬ್ ಅಟೆಂಡರ್. ಹುಡುಗ ಬಿಟ್ಟುಹೋದ ಐಡಿ ಕಾರ್ಡ್ ಕೊಡಲು ಓಡಿ ಬಂದವನು.

ಬೇಕಾದ ಸಾಮಾನು

ಚಿತ್ರದ ಮೂಲ ಫೈಲ್, ಇಯರ್‌ಫೋನ್, ವಿಎಲ್‌ಸಿ ಪ್ಲೇಯರ್, ಒಂದು ಸ್ಪ್ರೆಡ್‌ಶೀಟ್ ಅಥವಾ ಗೀಟು ಹಾಕಿದ ಹಾಳೆ. ವಿಎಲ್‌ಸಿಯಲ್ಲಿ ಇಂಗ್ಲಿಷಿನ ‘ಇ’ ಕೀ ಒತ್ತಿದರೆ ವಿಡಿಯೊ ಒಂದೊಂದೇ ಫ್ರೇಮ್ ಮುಂದೆ ಹೋಗುತ್ತದೆ. ಚಿತ್ರ ಯೂಟ್ಯೂಬಿನಲ್ಲಿದ್ದರೆ ಪಾಸ್ ಮಾಡಿ, ಕೀಬೋರ್ಡಿನ ಅಲ್ಪವಿರಾಮದ ಕೀಯಿಂದ ಹಿಂದಕ್ಕೆ, ಪೂರ್ಣವಿರಾಮದ ಕೀಯಿಂದ ಮುಂದಕ್ಕೆ ಒಂದೊಂದೇ ಫ್ರೇಮ್ ಸರಿಸಬಹುದು.

ಎಚ್ಚರಿಕೆ: ವಾಟ್ಸ್ಆ್ಯಪಿನಲ್ಲಿ ವಿಡಿಯೊ ಆಗಿ ಬಂದ ಫೈಲಿನಿಂದ ಕೆಲಸ ಶುರುಮಾಡಬೇಡಿ. ಅದು ಚಿತ್ರವನ್ನು ಹಿಂಡಿ ಕಳಿಸುತ್ತದೆ. ಕತ್ತಲ ದೃಶ್ಯದಲ್ಲಿ ಚೌಕ ಚೌಕ ಕಂಡರೆ ಅದು ಛಾಯಾಗ್ರಾಹಕನ ತಪ್ಪೋ ವಾಟ್ಸ್ಆ್ಯಪಿನ ತಪ್ಪೋ ಹೇಳಲಾಗದು. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಹಂತ 1: ಸುಮ್ಮನೆ ನೋಡಿ, ನಕ್ಕ ಜಾಗ ಬರೆದಿಡಿ

ಮೊದಲ ಸಲ ಪೆನ್ನು ಮುಟ್ಟದೆ ಪೂರ್ತಿ ನೋಡಿ. ಎರಡನೇ ಸಲ ನೋಡುವಾಗ ನಗು ಬಂದ, ಎದೆ ಒಂಚೂರು ಬಿಗಿಯಾದ, ಬೇಜಾರಾದ ಕ್ಷಣಗಳ ಸಮಯ ಮಾತ್ರ ಗುರುತು ಹಾಕಿ. ಕಾರಣ ಬರೆಯಲು ಹೋಗಬೇಡಿ. ಚಿತ್ರ ನೋಡದ ಒಬ್ಬರನ್ನು ಪಕ್ಕಕ್ಕೆ ಕೂರಿಸಿಕೊಂಡು ಅವರ ಮುಖ ನೋಡಿದರೆ ಇನ್ನೂ ಒಳ್ಳೆಯದು. ನಿಮಗೆ ನಟರು ಗೆಳೆಯರಾದ್ದರಿಂದ ಅವರು ಸುಮ್ಮನೆ ನಿಂತರೂ ನಗು ಬರುತ್ತದೆ. ಆ ನಗು ಲೆಕ್ಕಕ್ಕಿಲ್ಲ.

ಹಂತ 2: ಶಾಟ್ ಪಟ್ಟಿ

ಕಟ್ ಎಂದರೆ ಎಡಿಟಿಂಗಿನಲ್ಲಿ ಒಂದು ತುಂಡು ಮುಗಿದು ಇನ್ನೊಂದು ಶುರುವಾಗುವ ಜಾಗ. ಶಾಟ್ ಎಂದರೆ ಒಂದು ಕಟ್‌ನಿಂದ ಮುಂದಿನ ಕಟ್‌ವರೆಗಿನ ತುಂಡು. ಪ್ರತಿ ಶಾಟಿಗೂ ಒಂದು ಸಾಲು: ಕ್ರಮಸಂಖ್ಯೆ, ಶುರುವಾದ ಸಮಯ, ಎಷ್ಟು ಸೆಕೆಂಡ್, ಶಾಟಿನ ಗಾತ್ರ, ಕ್ಯಾಮೆರಾ ಚಲನೆ, ಕೇಳುವ ಸದ್ದು, ಒಂದು ಸಾಲಿನ ವಿವರ. ಬೇಸರದ ಕೆಲಸವೇ. ಡಾವಿಂಚಿ ರಿಸಾಲ್ವ್ ತಂತ್ರಾಂಶದಲ್ಲಿ ಕಟ್‌ಗಳನ್ನು ತಾನೇ ಹುಡುಕುವ ಸೌಲಭ್ಯವಿದೆ. ಆದರೆ ಕ್ಯಾಮೆರಾ ರಪ್ಪನೆ ತಿರುಗುವ ಕಡೆ, ಲೈಟ್ ಮಿಂಚುವ ಕಡೆ ಇಂಥವು ಕಟ್ ಎಂದು ಮೋಸಹೋಗುವುದುಂಟು. ಹಾಗಾಗಿ ಕಣ್ಣಿಂದ ತಾಳೆ ನೋಡಲೇಬೇಕು.

ನನ್ನ ಉದಾಹರಣೆಯ ಲೆಕ್ಕ ಹೀಗೆ. ಟೈಟಲ್ ಬಿಟ್ಟರೆ 98 ಸೆಕೆಂಡ್, 48 ಶಾಟ್. ಅಂದರೆ ಒಂದು ಶಾಟಿನ ಸರಾಸರಿ ಉದ್ದ ಸುಮಾರು 2 ಸೆಕೆಂಡ್. ಶಾಟಿನ ಸರಾಸರಿ ಉದ್ದವನ್ನು ಶೈಲಿಯ ಅಳತೆಗೋಲಾಗಿ ಬಳಸುವ ರೂಢಿಗೆ 1970ರ ದಶಕದಲ್ಲಿ ಬ್ಯಾರಿ ಸಾಲ್ಟ್ ಎಂಬ ಸಿನಿಮಾ ಇತಿಹಾಸಕಾರರು ದಾರಿ ಹಾಕಿದರು. ಅಳತೆ ಒಳ್ಳೆಯದೇ, ಆದರೆ ನಮ್ಮ ಎರಡು ನಿಮಿಷಕ್ಕೆ ಅದೊಂದೇ ಸಾಲದು. ಭಾಗ ಮಾಡಿ ನೋಡಿ: ಕಾರಿಡಾರ್ ಮತ್ತು ಬ್ಯಾಗ್ ಹಸ್ತಾಂತರ 34 ಸೆಕೆಂಡಿಗೆ 9 ಶಾಟ್, ಓಟ 30 ಸೆಕೆಂಡಿಗೆ 20, ಫೈಟ್ 22 ಸೆಕೆಂಡಿಗೆ 16, ಬ್ಯಾಗ್ ತೆರೆಯುವ ಕೊನೆ 12 ಸೆಕೆಂಡಿಗೆ ಬರೀ 3. ಎರಡು ಸೆಕೆಂಡಿನ ಸರಾಸರಿ ಈ ನಾಲ್ಕರಲ್ಲಿ ಯಾವುದಕ್ಕೂ ಹೊಂದುವುದಿಲ್ಲ. ಒಂದೂವರೆ ಸೆಕೆಂಡಿನ ಲಯಕ್ಕೆ ಒಗ್ಗಿದ ಕಣ್ಣಿಗೆ ಕೊನೆಯಲ್ಲಿ ಏಳು ಸೆಕೆಂಡ್ ಕಟ್ಟೇ ಇಲ್ಲದ ಒಂದು ಶಾಟ್ ಎದುರಾಗುತ್ತದೆ: ಅಟೆಂಡರ್ ಏದುಸಿರು ಬಿಡುತ್ತಾ ಐಡಿ ಕಾರ್ಡ್ ಹಿಡಿದು ನಿಂತಿದ್ದಾನೆ, ಯಾರೂ ಮಾತಾಡುವುದಿಲ್ಲ. ನಗು ಇರುವುದು ಆ ನಿಲುಗಡೆಯಲ್ಲಿ. ಪಟ್ಟಿ ಮಾಡದಿದ್ದರೆ ಇದು ಕಾಣುತ್ತಿರಲಿಲ್ಲ.

ಹಂತ 3: ಕ್ಯಾಮೆರಾ

ಶಾಟಿನ ಗಾತ್ರಗಳ ಹೆಸರು ನಿಮಗೆ ಗೊತ್ತೇ ಇರುತ್ತವೆ: ಲಾಂಗ್ (ಇಡೀ ದೇಹ), ಮಿಡ್ (ಸೊಂಟದಿಂದ ಮೇಲೆ), ಕ್ಲೋಸಪ್ (ಬರೀ ಮುಖ). ಒಬ್ಬರ ಭುಜದ ಹಿಂದಿನಿಂದ ಇನ್ನೊಬ್ಬರನ್ನು ತೋರಿಸುವುದಕ್ಕೆ ನಮ್ಮ ಚಿತ್ರರಂಗದಲ್ಲಿ ‘ಸಜೆಷನ್ ಶಾಟ್’ ಅನ್ನುತ್ತಾರೆ. ಪಠ್ಯದಲ್ಲಿ ಓವರ್ ದಿ ಶೋಲ್ಡರ್ ಎಂದಿರುತ್ತದೆ. ಎರಡೂ ಒಂದೇ.

ಇಲ್ಲಿ ಕೇಳಬೇಕಾದ ಮುಖ್ಯ ಪ್ರಶ್ನೆ: ಕ್ಯಾಮೆರಾ ನಮ್ಮಿಂದ ಏನನ್ನು ಮುಚ್ಚಿಟ್ಟಿದೆ, ಯಾವಾಗ ಬಿಟ್ಟುಕೊಟ್ಟಿದೆ? ಕ್ಲೋಸಪ್ ಮುಚ್ಚಿಡುತ್ತದೆ, ಲಾಂಗ್ ಶಾಟ್ ಗುಟ್ಟು ರಟ್ಟು ಮಾಡುತ್ತದೆ. ಹುಡುಗನ ಗಂಭೀರ ಮುಖದ ಕ್ಲೋಸಪ್ ನೋಡಿದಾಗ ಏಜೆಂಟ್ ಅನ್ನಿಸುತ್ತಾನೆ. ಮರುಶಾಟ್ ಲಾಂಗ್ ಆದಾಗ ಅದೇ ಏಜೆಂಟನ ಕಾಲಲ್ಲಿ ಹವಾಯಿ ಚಪ್ಪಲಿ. ಮೂಕಿಚಿತ್ರಗಳ ಕಾಲದಲ್ಲಿ ಹಾಸ್ಯನಟ ಬಸ್ಟರ್ ಕೀಟನ್ ತಮ್ಮ ಸಾಹಸಗಳನ್ನು ಇಡೀ ದೇಹ ಕಾಣುವ ದೂರದಿಂದಲೇ ತೋರಿಸಲು ಇಷ್ಟಪಡುತ್ತಿದ್ದುದಕ್ಕೂ ಇಂಥದೇ ಕಾರಣ: ಬಿದ್ದವನೂ ಅವನು ಬಿದ್ದ ಜಾಗವೂ ಒಟ್ಟಿಗೆ ಕಂಡರೆ ಅದು ಅಪಾಯವೂ ಹೌದು, ತಮಾಷೆಯೂ ಹೌದು.

ಫೈಟ್ ಬಂದಾಗ ಕ್ಯಾಮೆರಾ ನಿಂತ ಜಾಗ ನೋಡಿ. ಗುದ್ದು ನಿಜವಾಗಿ ತಗಲಬಾರದು, ತಗಲಿದಂತೆ ಕಾಣಬೇಕು. ಅದಕ್ಕೆ ಕ್ಯಾಮೆರಾ, ಹೊಡೆಯುವವನ ಮುಷ್ಟಿ, ಪೆಟ್ಟು ತಿನ್ನುವವನ ಮುಖ ಮೂರೂ ಹೆಚ್ಚುಕಡಿಮೆ ಒಂದೇ ಗೆರೆಗೆ ಬರುವಂತೆ ಯಾರಾದರೊಬ್ಬರ ಭುಜದ ಹಿಂದೆ ಕ್ಯಾಮೆರಾ ಇಡುತ್ತಾರೆ. ನಡುವಿನ ಅಂತರ ಮರೆಯಾಗುತ್ತದೆ. ಪಕ್ಕದಿಂದ ತೆಗೆದರೆ ಮುಷ್ಟಿಗೂ ಮೂಗಿಗೂ ನಡುವೆ ಒಂದಡಿ ಗ್ಯಾಪ್ ರಾಚುತ್ತದೆ.

ಸ್ಲೋ ಮೋಷನ್ ಬಗ್ಗೆ ಒಂದು ಮಾತು. ಸೆಟ್ಟಿನಲ್ಲಿ ಇದಕ್ಕೆ ‘ಹೈ ಸ್ಪೀಡ್’ ಅನ್ನುತ್ತಾರೆ, ಏಕೆಂದರೆ ನಿಧಾನವಾಗಿ ಕಾಣಬೇಕಾದರೆ ಕ್ಯಾಮೆರಾ ವೇಗವಾಗಿ ಓಡಬೇಕು. ಸೆಕೆಂಡಿಗೆ 120 ಫ್ರೇಮ್ ತೆಗೆದು 24ರಲ್ಲಿ ತೋರಿಸಿದರೆ ಐದು ಪಟ್ಟು ನಿಧಾನ, ನುಣ್ಣಗೆ. ಸೆಕೆಂಡಿಗೆ 30 ಫ್ರೇಮಿನಲ್ಲಿ ತೆಗೆದದ್ದನ್ನು ಎಡಿಟಿಂಗ್ ಟೇಬಲಿನಲ್ಲಿ ಕಾಲುಭಾಗದ ವೇಗಕ್ಕೆ ಎಳೆದರೆ ಒಂದೇ ಫ್ರೇಮ್ ನಾಲ್ಕು ಸಲ ಬಂದು ಚಿತ್ರ ಕುಂಟುತ್ತದೆ. ‘ಇ’ ಕೀ ಒತ್ತುತ್ತಾ ಹೋದಾಗ ಚಿತ್ರ ಮೂರು ಸಲ ಅಲ್ಲಾಡದೆ ನಾಲ್ಕನೆಯದಕ್ಕೆ ನೆಗೆದರೆ ಅದು ಎಳೆದದ್ದು.

ತಪ್ಪು ದಾರಿ: ‘ಲೋ ಆಂಗಲ್ (ಕ್ಯಾಮೆರಾ ಕೆಳಗಿನಿಂದ ಮೇಲಕ್ಕೆ ನೋಡುವುದು) ಅಂದರೆ ಶಕ್ತಿ, ಹೈ ಆಂಗಲ್ (ಮೇಲಿನಿಂದ ಕೆಳಕ್ಕೆ) ಅಂದರೆ ದುರ್ಬಲತೆ’ ಎಂಬ ಮಗ್ಗಿ. ಆ್ಯಕ್ಷನ್ ಕಾಮಿಡಿಯಲ್ಲಿ ಲೋ ಆಂಗಲ್ ಹೆಚ್ಚಾಗಿ ಸುಳ್ಳು ಹೇಳಲೆಂದೇ ಬಂದಿರುತ್ತದೆ. ಅದು ಹೇಳಿದ ಸುಳ್ಳು ಎಷ್ಟನೇ ಸೆಕೆಂಡಿನಲ್ಲಿ ಬಯಲಾಯಿತು ಎಂದು ಬರೆಯಿರಿ.

ಹಂತ 4: ಕಟ್

ಓಟದ ದೃಶ್ಯದಲ್ಲಿ ಮೊದಲು ದಿಕ್ಕು ನೋಡಿ. ಹುಡುಗ ಪರದೆಯ ಎಡದಿಂದ ಬಲಕ್ಕೆ ಓಡುತ್ತಿದ್ದರೆ ಬೆನ್ನಟ್ಟುವವನೂ ಎಡದಿಂದ ಬಲಕ್ಕೇ ಓಡಬೇಕು. ಇಬ್ಬರ ನಡುವೆ ಒಂದು ಗೆರೆ ಕಲ್ಪಿಸಿಕೊಂಡು ಕ್ಯಾಮೆರಾ ಆ ಗೆರೆಯ ಒಂದೇ ಬದಿಯಲ್ಲಿರಬೇಕು ಎನ್ನುವುದೇ 180 ಡಿಗ್ರಿ ನಿಯಮ. ‘ಲೈನ್ ಕ್ರಾಸ್ ಆಯ್ತು’ ಅಂದರೆ ಕ್ಯಾಮೆರಾ ಆಚೆ ಬದಿಗೆ ಹೋಯಿತು, ಇಬ್ಬರೂ ಎದುರುಬದುರು ಓಡಿ ಬಂದು ಡಿಕ್ಕಿ ಹೊಡೆಯುವಂತೆ ಕಾಣುತ್ತದೆ. ವಿದ್ಯಾರ್ಥಿ ಚಿತ್ರಗಳಲ್ಲಿ ಇದು ಕಾಣಸಿಗುವುದು ಮೆಟ್ಟಿಲ ಬಳಿ. ತಿರುವಿನಲ್ಲಿ ಜಾಗವಿಲ್ಲದೆ ಕ್ಯಾಮೆರಾ ಎತ್ತಿಕೊಂಡು ಆಚೆ ಹೋಗಿಬಿಟ್ಟಿರುತ್ತಾರೆ.

ಎರಡನೆಯದು, ಚಲನೆಯ ಮೇಲಿನ ಕಟ್. ಹುಡುಗ ಗೋಡೆ ಹಾರಲು ಕಾಲೆತ್ತಿದಾಗ ಕಟ್ ಮಾಡಿ ಬೇರೆ ಕೋನದಿಂದ ಹಾರಾಟ ಮುಂದುವರಿಸಿದರೆ ಕಟ್ ಆದದ್ದೇ ಗೊತ್ತಾಗುವುದಿಲ್ಲ. ಇದನ್ನು ಮ್ಯಾಚ್ ಕಟ್ ಅಂದುಬಿಡುವವರಿದ್ದಾರೆ. ಸರಿಯಾದ ಹೆಸರು ಮ್ಯಾಚ್ ಆನ್ ಆ್ಯಕ್ಷನ್. ಮ್ಯಾಚ್ ಕಟ್ ಎನ್ನುವುದನ್ನು ಬೇರೆಬೇರೆ ಎರಡು ವಸ್ತುಗಳನ್ನು ಆಕಾರದ ಹೋಲಿಕೆಯಿಂದ ಜೋಡಿಸುವುದಕ್ಕೆ ಇಟ್ಟುಕೊಳ್ಳಿ.

ಮೂರನೆಯದು ಫೈಟಿಗೆ ಸೇರಿದ್ದು, ತುಂಬಾ ಜನ ಗಮನಿಸದೆ ದಾಟಿಬಿಡುವಂಥದ್ದು. ಹಾಂಗ್‌ಕಾಂಗಿನ ಆ್ಯಕ್ಷನ್ ಚಿತ್ರಗಳಲ್ಲಿ, ಜಾಕಿ ಚಾನ್ ಫೈಟ್‌ಗಳಲ್ಲಂತೂ ಎದ್ದು ಕಾಣುವಂತೆ, ಒದೆತ ತಗಲಿದ ಕ್ಷಣವನ್ನು ದೂರದ ಶಾಟಿನಲ್ಲಿ ತೋರಿಸಿ, ಹತ್ತಿರದ ಶಾಟಿಗೆ ಹೋದಾಗ ಕೆಲವು ಫ್ರೇಮ್ ಹಿಂದಿನಿಂದ ಶುರುಮಾಡುತ್ತಾರೆ. ಅಂದರೆ ಪೆಟ್ಟು ಎರಡು ಸಲ ಬೀಳುತ್ತದೆ. ಕಣ್ಣಿಗೆ ಎರಡು ಪೆಟ್ಟು ಕಾಣುವುದಿಲ್ಲ, ಒಂದೇ ಪೆಟ್ಟು ಜೋರಾಗಿ ಬಿದ್ದಂತಿರುತ್ತದೆ. 24 ಫ್ರೇಮಿನ ಚಿತ್ರದಲ್ಲಿ ಮೂರು ಫ್ರೇಮ್ ಅಂದರೆ ಸೆಕೆಂಡಿನ ಎಂಟನೇ ಒಂದು ಭಾಗ. ಫ್ರೇಮ್ ಫ್ರೇಮ್ ಸರಿಸಿದರಷ್ಟೇ ಸಿಗುತ್ತದೆ. ನೀವು ನೋಡುತ್ತಿರುವ ಚಿತ್ರದಲ್ಲಿ ಹೀಗಿದ್ದರೆ ಅದು ಉತ್ತರದಲ್ಲಿ ಬರಲೇಬೇಕು. ಇದರ ತದ್ವಿರುದ್ಧವೂ ಉಂಟು: ಪೆಟ್ಟು ಬೀಳುವ ಮೊದಲೇ ಕಟ್ ಮಾಡಿ, ಪಕ್ಕದಲ್ಲಿ ಕಡ್ಲೆಕಾಯಿ ತಿನ್ನುತ್ತಾ ನಿಂತವನ ಮುಖ ತೋರಿಸುವುದು. ಪೆಟ್ಟು ನಮ್ಮ ತಲೆಯೊಳಗೆ ಬೀಳುತ್ತದೆ. ಕೈಯಲ್ಲಿ ದುಡ್ಡಿಲ್ಲದ ತಂಡಕ್ಕೆ ಇದಕ್ಕಿಂತ ಅಗ್ಗದ ಸ್ಟಂಟ್ ಇನ್ನೊಂದಿಲ್ಲ.

ಈ ಮುಖ ತೋರಿಸುವ ಶಾಟಿಗೆ ರಿಯಾಕ್ಷನ್ ಶಾಟ್ ಎಂದು ಹೆಸರು. ಇದು ಹೇಗೆ ಕೆಲಸ ಮಾಡುತ್ತದೆಂದು ಹೇಳಲು ಕುಲೆಶೋವ್ ಪರಿಣಾಮ ನೆನಪಿಗೆ ಬರಬೇಕು. ಸುಮಾರು ನೂರು ವರ್ಷದ ಹಿಂದೆ ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಭಾವವಿಲ್ಲದ ಒಂದೇ ಮುಖವನ್ನು ಸೂಪಿನ ಬಟ್ಟಲು, ಶವಪೆಟ್ಟಿಗೆ ಇಂಥ ಬೇರೆಬೇರೆ ಚಿತ್ರಗಳ ಪಕ್ಕ ಜೋಡಿಸಿದರು. ನೋಡಿದವರು ಅದೇ ಮುಖದಲ್ಲಿ ಹಸಿವನ್ನೂ ದುಃಖವನ್ನೂ ಕಂಡರು. ನಟನೆ ಬಾರದ ಕ್ಲಾಸ್‌ಮೇಟ್‌ಗಳ ಚಿತ್ರಕ್ಕೆ ಇದು ವರದಾನ. ಕಡ್ಲೆಕಾಯಿ ತಿನ್ನುವ ಹುಡುಗ ಏನೂ ಅಭಿನಯಿಸಿಲ್ಲ, ಆದರೂ ನಮಗೆ ಅವನು ‘ಇವೆಲ್ಲಾ ದಿನಾ ಇದ್ದಿದ್ದೇ’ ಅಂದಂತೆ ಕಾಣುತ್ತಾನೆ.

ಹಂತ 5: ಸದ್ದು

ಚಿತ್ರವನ್ನು ಒಮ್ಮೆ ಮ್ಯೂಟ್ ಮಾಡಿ ನೋಡಿ, ಒಮ್ಮೆ ಪರದೆಗೆ ಬೆನ್ನು ಹಾಕಿ ಬರೀ ಕೇಳಿ. ಫ್ರೆಂಚ್ ವಿದ್ವಾಂಸ ಮಿಶೆಲ್ ಶಿಯೋನ್ ಸಿನಿಮಾ ಧ್ವನಿಯ ಅಧ್ಯಯನಕ್ಕೆ ಸೂಚಿಸಿದ ದಾರಿ ಇದೇ. ಮ್ಯೂಟ್‌ನಲ್ಲಿ ನೋಡಿದಾಗ ಸತ್ತುಹೋದ ಜೋಕುಗಳನ್ನೆಲ್ಲ ಪಟ್ಟಿ ಮಾಡಿ. ಅವು ಸದ್ದಿನ ಜೋಕುಗಳು. ಎಷ್ಟಿವೆ ಎಂದು ನೋಡಿ ನೀವೇ ಬೆರಗಾಗುತ್ತೀರಿ.

ಕಾರಿಡಾರಿನ ಶಾಟ್ ತೆಗೆದುಕೊಳ್ಳಿ. ಹುಡುಗ ಎದೆಮಟ್ಟದ ಶಾಟಿನಲ್ಲಿ ನಡೆದು ಬರುತ್ತಿದ್ದಾನೆ, ಕೇಳುವುದು ಭಾರೀ ಬೂಟಿನ ಸದ್ದು: ಢಬ್, ಢಬ್. ಲಾಂಗ್ ಶಾಟಿಗೆ ಕಟ್ ಆಗುತ್ತಿದ್ದಂತೆ ಸದ್ದು ‘ಚಟಪಟ’ ಆಗುತ್ತದೆ. ಕಾಲು ಕಾಣದಿದ್ದಾಗ ಬೂಟನ್ನು ನಾವು ಪೂರ್ತಿ ನಂಬಿದ್ದೆವು, ಏಕೆಂದರೆ ಹೆಜ್ಜೆಯ ಕ್ಷಣಕ್ಕೂ ಸದ್ದಿನ ಕ್ಷಣಕ್ಕೂ ತಾಳ ಕೂಡಿತ್ತು. ಏಕಕಾಲಕ್ಕೆ ಬಂದ ಚಿತ್ರವನ್ನೂ ಸದ್ದನ್ನೂ ಮನಸ್ಸು ತಾನಾಗಿ ಬೆಸೆದುಬಿಡುತ್ತದೆ. ಹೀಗೆ ಚಿತ್ರಕ್ಕೆ ತಾಳ ಹಾಕಿ ಹೆಜ್ಜೆ, ಬಟ್ಟೆ, ಗುದ್ದಿನ ಸದ್ದನ್ನು ಆಮೇಲೆ ಮಾಡಿ ಸೇರಿಸುವ ಕೆಲಸಕ್ಕೆ ಫೋಲಿ ಎಂದು ಹೆಸರು. ಹಾಲಿವುಡ್‌ನ ಯೂನಿವರ್ಸಲ್ ಸ್ಟುಡಿಯೋದಲ್ಲಿ ಈ ಕೆಲಸ ಮಾಡುತ್ತಿದ್ದ ಜಾಕ್ ಫೋಲಿಯಿಂದ ಬಂದ ಹೆಸರು. ನಮ್ಮಲ್ಲಿ ‘ಎಫೆಕ್ಟ್ಸ್’ ಅಂತಲೇ ಹೇಳುತ್ತಾರೆ.

ಪಠ್ಯದಲ್ಲಿ ಬರುವ ಇನ್ನೊಂದು ಪದ ಡಯಜೆಟಿಕ್: ಕಥೆಯೊಳಗಿನ ಪಾತ್ರಗಳಿಗೂ ಕೇಳಿಸುವ ಸದ್ದು. ನಮಗೆ ಮಾತ್ರ ಕೇಳುವ ಬಿಜಿಎಂ, ಅಂದರೆ ಹಿನ್ನೆಲೆ ಸಂಗೀತ, ನಾನ್ ಡಯಜೆಟಿಕ್. ಎರಡರ ಗಡಿ ದಾಟಿಸುವುದು ಕಾಮಿಡಿಯ ಹಳೇ ಚಟ. ಮೈ ಜುಮ್ಮೆನಿಸುವ ಬಿಜಿಎಂ ನಡೆಯುತ್ತಿರುತ್ತದೆ, ಅದು ಹುಡುಗನ ಜೇಬಿನಲ್ಲಿರುವ ಮೊಬೈಲಿನ ರಿಂಗ್‌ಟೋನ್ ಎಂದು ತಿಳಿಯುತ್ತದೆ, ಅಡಗಿಕೊಂಡವನು ಸಿಕ್ಕಿಬೀಳುತ್ತಾನೆ. ಇಂಥ ಕಡೆ ‘ಡಯಜೆಟಿಕ್ ಸಂಗೀತ ಬಳಸಲಾಗಿದೆ’ ಎಂದು ಬರೆದರೆ ಅರ್ಧ ಅಂಕ ಬಿಟ್ಟುಕೊಟ್ಟಂತೆ. ಯಾವ ಕ್ಷಣದಲ್ಲಿ ಆಚೆಯಿಂದ ಈಚೆಗೆ ಬಂತು, ಆಗ ಸದ್ದಿನ ಗುಣ ಬದಲಾಯಿತೇ (ದೊಡ್ಡ ಆರ್ಕೆಸ್ಟ್ರಾದಿಂದ ಮೊಬೈಲ್ ಸ್ಪೀಕರಿನ ಕೀರಲು ದನಿಗೆ), ಅದನ್ನು ಬರೆಯಿರಿ.

ನಿಶ್ಶಬ್ದವನ್ನೂ ಎಣಿಸಿ. ಠುಸ್ ಅನ್ನುವ ಕ್ಷಣಕ್ಕೆ ಸಂಗೀತ ತಟ್ಟನೆ ನಿಲ್ಲುವುದು ಎಲ್ಲರೂ ಮಾಡುವಂಥದ್ದು. ನಿಂತ ಮೇಲೆ ಏನು ಕೇಳುತ್ತದೆ? ಫ್ಯಾನಿನ ಗರಗರ, ದೂರದ ಬೆಲ್ಲು, ಏದುಸಿರು. ಬುದ್ಧಿವಂತ ಎಡಿಟರ್ ಇಲ್ಲಿ ಏನಾದರೂ ಇಟ್ಟಿರುತ್ತಾನೆ. ಏನೂ ಇಡದ ಕಡೆ ಧ್ವನಿ ಪೂರ್ತಿ ಸೊನ್ನೆಯಾಗಿ, ಫೈಲ್ ಕೆಟ್ಟಿತೇನೋ ಅನ್ನಿಸುತ್ತದೆ.

ಹಂತ 6: ಫ್ರೇಮಿನೊಳಗೆ ಇಟ್ಟದ್ದು

ಬಟ್ಟೆ, ವಸ್ತು, ಜಾಗ, ಬೆಳಕು, ನಟರು ನಿಂತ ರೀತಿ, ಇವೆಲ್ಲ ಸೇರಿ ಮೀಸಾನ್‌ಸೆನ್. ಫ್ರೆಂಚ್ ಪದ, ರಂಗದ ಮೇಲೆ ಇಡುವುದು ಎಂಬರ್ಥದ್ದು. ಕೂಲಿಂಗ್ ಗ್ಲಾಸ್ ಆ್ಯಕ್ಷನ್ ಚಿತ್ರದಿಂದ ಬಂದಿದೆ, ಹವಾಯಿ ಚಪ್ಪಲಿ ಹಾಸ್ಟೆಲಿನಿಂದ ಬಂದಿದೆ. ಎರಡು ಲೋಕದ ಸಾಮಾನು ಒಂದೇ ಮೈಮೇಲೆ ಇದ್ದದ್ದೇ ಪ್ರಕಾರದ ಮಿಶ್ರಣ. ಟೈಟಲಿನ ಅಕ್ಷರವನ್ನೂ ಇಲ್ಲೇ ನೋಡಿಬಿಡಿ: ದಪ್ಪ ಲೋಹದಂಥ ಅಕ್ಷರವೇ, ಪಾತ್ರ ಹೆಪ್ಪುಗಟ್ಟಿ ನಿಂತಾಗ ಹೆಸರು ಬೀಳುತ್ತದೆಯೇ, ಆ ಹೆಸರಿನ ಕೆಳಗೆ ‘ಮೂರು ಸಬ್ಜೆಕ್ಟ್ ಬಾಕಿ’ ಅಂತ ಇದೆಯೇ. ಬಣ್ಣಕ್ಕೆಲ್ಲ ಅರ್ಥ ಹಚ್ಚಲು ಹೋಗಬೇಡಿ. ಕೆಂಪು ಬಕೆಟ್ ಅಲ್ಲಿದ್ದದ್ದು ಆಯಾ ಅಲ್ಲಿ ಬಿಟ್ಟುಹೋದದ್ದಕ್ಕೆ.

ಹಂತ 7: ಬೇಕೆಂದು ಮಾಡಿದ್ದೋ, ವಿಧಿಯಿಲ್ಲದೆ ಆದದ್ದೋ?

ವಿದ್ಯಾರ್ಥಿ ಚಿತ್ರದ ವಿಶ್ಲೇಷಣೆಯಲ್ಲಿ ಎಲ್ಲರೂ ಎಡವುವುದು ಇಲ್ಲಿ. ಕಾರಿಡಾರಿನ ಶಾಟಿನಲ್ಲಿ ಅಡ್ಡ ಪಟ್ಟಿಗಳು ಮೇಲೆ ಕೆಳಗೆ ಓಡುತ್ತಿದ್ದರೆ ಅದು ‘ಅಸ್ಥಿರ ಮನಸ್ಥಿತಿಯ ಸಂಕೇತ’ ಅಲ್ಲ. ನಮ್ಮ ವಿದ್ಯುತ್ 50 ಹರ್ಟ್ಸ್, ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕ್ಯಾಮೆರಾದ ಶಟರ್, ಅಂದರೆ ಪ್ರತಿ ಫ್ರೇಮಿಗೆ ಬೆಳಕು ಒಳಬಿಡುವ ಸಮಯ, ಸೆಕೆಂಡಿನ 1/50 ಅಥವಾ 1/100 ಇದ್ದರೆ ಪಟ್ಟಿ ಬರುವುದಿಲ್ಲ, ಮೊಬೈಲ್ ತಾನೇ 1/60ಕ್ಕೆ ಹೋದರೆ ಬರುತ್ತದೆ. ಟ್ಯೂಬ್‌ಲೈಟಿನ ಕೆಳಗೆ 120 ಫ್ರೇಮಿನ ಹೈ ಸ್ಪೀಡ್ ತೆಗೆದರೆ ಬೆಳಕು ಮಿಣಮಿಣ ಅನ್ನುವುದೂ ಅದಕ್ಕೇ. ನಡೆಯುತ್ತಿರುವಾಗ ಬೆಳಕು ತಾನಾಗಿ ಏರಿಳಿದರೆ ಅದು ಮೊಬೈಲ್ ಬೆಳಕನ್ನು ತಾನೇ ಹೊಂದಿಸಿಕೊಳ್ಳುವ ಆಟೋ ಎಕ್ಸ್‌ಪೋಷರ್. ಮುಖ ಮಸುಕಾಗಿ ಮತ್ತೆ ಸ್ಪಷ್ಟವಾದರೆ ಆಟೋ ಫೋಕಸ್ ತಡಕಾಡಿದ್ದು.

ಹಾಗಾದರೆ ತೀರ್ಮಾನಿಸುವುದು ಹೇಗೆ? ಪಕ್ಕದಿಂದ ತೆಗೆದ ಆ ಗುದ್ದನ್ನೇ ನೋಡಿ. ಮುಷ್ಟಿ ಒಂದಡಿ ದೂರದಲ್ಲಿ ಹಾದುಹೋಯಿತು, ಆದರೂ ಎದುರಿನವನು ಬಿದ್ದ. ತಪ್ಪೋ ತಮಾಷೆಯೋ? ಬೇರೆ ವಿಭಾಗಗಳಲ್ಲಿ ಸಾಕ್ಷಿ ಹುಡುಕಿ. ಢಿಶುಂ ಸದ್ದು ಸರಿಯಾದ ಕ್ಷಣಕ್ಕೇ ಬಿದ್ದು, ದೃಶ್ಯ ಸುಮ್ಮನೆ ಮುಂದೆ ಹೋದರೆ ಅದು ತಪ್ಪು, ಮುಚ್ಚಲು ನೋಡಿದ್ದಾರೆ. ಸದ್ದು ಅರ್ಧ ಸೆಕೆಂಡ್ ತಡವಾಗಿ ಬಿದ್ದು, ಹೊಡೆದವನು ತನ್ನ ಮುಷ್ಟಿಯನ್ನೇ ನೋಡಿಕೊಳ್ಳುವ ಶಾಟ್ ಬಂದರೆ ತಮಾಷೆ. ಕ್ಯಾಮೆರಾ, ಕಟ್, ಸದ್ದು, ವಸ್ತು ಈ ನಾಲ್ಕರಲ್ಲಿ ಎರಡಾದರೂ ಒಂದೇ ಕಡೆಗೆ ಬೊಟ್ಟು ಮಾಡಿದರೆ ಅದನ್ನು ಆಯ್ಕೆ ಎಂದು ನಾನು ಒಪ್ಪುತ್ತೇನೆ.

ತಪ್ಪನ್ನು ಕಂಡರೆ ಮುಚ್ಚಿಡಬೇಡಿ, ಗೆಳೆಯರ ಚಿತ್ರವಾದರೂ. ಆ ತಪ್ಪಿನಿಂದ ಯಾವ ಪರಿಣಾಮ ಹಾಳಾಯಿತು ಎಂದು ಬರೆದರೆ ಅದೂ ವಿಶ್ಲೇಷಣೆಯೇ.

ಹಂತ 8: ಬರೆಯುವುದು

ನಾಲ್ಕು ವಿಭಾಗಕ್ಕೆ ನಾಲ್ಕು ಪ್ಯಾರಾ ಎಂದು ಹಂಚಿಕೊಳ್ಳಬೇಡಿ. ಪ್ರಶ್ನೆಪತ್ರಿಕೆಯೇ ಹಾಗೆ ಕೇಳಿದ್ದರೆ ಬೇರೆ ಮಾತು. ಇಲ್ಲದಿದ್ದರೆ ಮೊದಲ ಹಂತದಲ್ಲಿ ಗುರುತು ಹಾಕಿದ ಜಾಗಗಳಲ್ಲಿ ಮೂರೋ ನಾಲ್ಕೋ ಆರಿಸಿ, ಒಂದೊಂದಕ್ಕೆ ಒಂದು ಪ್ಯಾರಾ ಕೊಡಿ. ಕಥೆ ಹೇಳಲು ಎರಡು ಸಾಲು ಸಾಕು.

ಹೀಗೆ ಬರೆದರೆ ಸಪ್ಪೆ: ‘0:22ರಲ್ಲಿ ಮಿಡ್ ಶಾಟ್ ಬಳಸಲಾಗಿದೆ. ಹಿನ್ನೆಲೆ ಧ್ವನಿ ತುಂಬಾ ಪರಿಣಾಮಕಾರಿಯಾಗಿದೆ. ನಂತರ ಲಾಂಗ್ ಶಾಟ್ ಬರುತ್ತದೆ.’

ಹೀಗೆ ಬರೆದು ನೋಡಿ: ‘0:22ರಿಂದ ಐದು ಸೆಕೆಂಡ್ ಕ್ಯಾಮೆರಾ ಹುಡುಗನ ಎದೆಯಿಂದ ಕೆಳಗೆ ಇಳಿಯುವುದಿಲ್ಲ. ಕಾಲು ಕಾಣದ ಕಾರಣ ಬೂಟಿನ ಸದ್ದನ್ನು ನಾವು ಪ್ರಶ್ನಿಸುವುದಿಲ್ಲ. ಏಜೆಂಟನ ಚಿತ್ರ ಕಟ್ಟಿಕೊಡುವುದು ಆ ಸದ್ದೇ. 0:27ರ ಲಾಂಗ್ ಶಾಟಿನಲ್ಲಿ ಚಪ್ಪಲಿ ಕಂಡ ಕ್ಷಣಕ್ಕೇ ಸದ್ದೂ ಚಟಪಟಕ್ಕೆ ಬದಲಾಗುತ್ತದೆ. ಚಪ್ಪಲಿ ಕಂಡೂ ಬೂಟಿನ ಸದ್ದೇ ಮುಂದುವರಿದಿದ್ದರೆ ಅದು ಬರೀ ಅಣಕವಾಗುತ್ತಿತ್ತು. ಸದ್ದೂ ಬದಲಾದ್ದರಿಂದ ಸಿನಿಮಾವೇ ಇವನ ಕೈಬಿಟ್ಟಂತಾಗುತ್ತದೆ.’

‘ಹೀಗಿದ್ದಿದ್ದರೆ ಹೀಗಾಗುತ್ತಿತ್ತು’ ಎಂಬ ಆ ಕೊನೆಯ ಸಾಲನ್ನು ಪ್ರತಿ ಪ್ಯಾರಾದಲ್ಲೂ ಒಮ್ಮೆ ಪ್ರಯತ್ನಿಸಿ. ತಂತ್ರವನ್ನು ತೆಗೆದು ನೋಡಿದಾಗಲೇ ಅದರ ಕೆಲಸ ಕಾಣುತ್ತದೆ. ‘ನಿರ್ದೇಶಕರ ಉದ್ದೇಶ ಏನೆಂದರೆ’ ಎಂದು ಶುರುಮಾಡಬೇಡಿ. ನಿರ್ದೇಶಕ ನಿಮ್ಮ ಪಕ್ಕದ ಬೆಂಚಿನವನೇ ಆಗಿದ್ದು, ಅವನೇ ‘ಅಯ್ಯೋ, ನಾನು ಅಷ್ಟೆಲ್ಲಾ ಯೋಚಿಸಿರಲಿಲ್ಲ’ ಎಂದುಬಿಟ್ಟರೆ ನಿಮ್ಮ ವಾದ ಬಿದ್ದುಹೋಗುತ್ತದೆ. ಪರದೆಯ ಮೇಲೆ ಏನಾಯಿತು, ನೋಡುವವರಿಗೆ ಏನಾಯಿತು ಎಂದಷ್ಟೇ ಬರೆದರೆ ಬೀಳುವುದಿಲ್ಲ.

ಒಪ್ಪಿಸುವ ಮುಂಚೆ ಟೈಮ್‌ಕೋಡ್‌ಗಳನ್ನು, ಅಂದರೆ ನೀವು ಬರೆದ ಸಮಯಗಳನ್ನು, ಕೊನೆಯ ಫೈಲಿನ ಜತೆ ಒಂದೊಂದಾಗಿ ತಾಳೆ ನೋಡಿ. ನೀವು ಪಟ್ಟಿ ಮಾಡಿದ್ದು ರಫ್ ಕಟ್ (ಎಡಿಟಿಂಗಿನ ಕರಡು) ಆಗಿದ್ದು, ಆಮೇಲೆ ತಂಡದವರು ಟೈಟಲನ್ನು ಎರಡು ಸೆಕೆಂಡ್ ಉದ್ದ ಮಾಡಿದ್ದರೆ, ಅಲ್ಲಿಂದ ಮುಂದಿನ ಪ್ರತಿಯೊಂದು ಸಮಯವೂ ಎರಡು ಸೆಕೆಂಡ್ ಆಚೆ ಹೋಗಿರುತ್ತದೆ. ಚಪ್ಪಲಿ ಎಂದು ನೀವು ತೋರಿಸಿದ ಜಾಗದಲ್ಲಿ ಮೇಷ್ಟ್ರಿಗೆ ಕೂಲಿಂಗ್ ಗ್ಲಾಸ್ ಕಾಣುತ್ತದೆ.